ಕತ್ತರಿಸುವ ಕಂಪ್ಯೂಟರ್

“ಕತ್ತರಿಸಿದ್ದು ಯಾರಿಗೂ ಗೊತ್ತಾಗಬಾರದು ನೋಡು ತಮ್ಮಾ. ಅಂಥಾ ಕಂಪ್ಯೂಟರ್ ಕೊಡು,” ಎನ್ನುತ್ತ ಕನಕಪ್ಪ ತನ್ನ ಟೇಪ್ ರೆಕಾರ್ಡರನ್ನು ಅಂಗಡಿಯ ಟೇಬಲ್ಲಿನ ಮೇಲೆ ಇಳಿಸಿದ. ಬ್ಯಾಡಗಿಯಿಂದ ರಾಣೆಬೆನ್ನೂರಿನವರೆಗೂ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಕೂಡಿಸಿಕೊಂಡು ಬಂದಿದ್ದ. ಬೆನ್ನಿಗೇ ಹೆಂಡತಿ ಬೀರವ್ವ ಬಂದು ನಿಂತಳು. ಅವಳು ಬಂದದ್ದು ಕಂಪ್ಯೂಟರ್ ನೋಡಲಿಕ್ಕಲ್ಲ, ಗಂಡ ಏನು ಕತ್ತರಿಸುತ್ತಾನೆ ಎಂದು ಕಾಯಲಿಕ್ಕೆ.

ಅಂಗಡಿಯ ಶಶಿಕಾಂತ ಎರಡು ಕಂಪ್ಯೂಟರ್ ತೋರಿಸಿದ. ಒಂದು ಅಗ್ಗದ್ದು. ಇನ್ನೊಂದರಲ್ಲಿ ಬೇರೆಯೇ ಸೌಂಡ್ ಕಾರ್ಡು, ದೊಡ್ಡ ಹಾರ್ಡ್ ಡಿಸ್ಕು, ಸಿ.ಡಿ. ಬರೆಯುವ ಡ್ರೈವು. ಕಾರ್ಯಕ್ರಮದಲ್ಲಿ ನೇರವಾಗಿ ಹಿಡಿದ ಹಾಡು ಬಹಳ ಜಾಗ ತಿನ್ನುತ್ತದೆ ಎಂದು ವಿವರಿಸತೊಡಗಿದ. ಊರಲ್ಲಿ ಮೈಕ್ ಸೆಟ್ ಇಟ್ಟಿರುವ ಕನಕಪ್ಪನಿಗೆ ಅದನ್ನೆಲ್ಲ ಕೇಳುವ ವ್ಯವಧಾನವಿರಲಿಲ್ಲ. ಅವನು ಒಂದೊಂದೇ ಪೆಟ್ಟಿಗೆಗೆ ಕಿವಿ ಹಚ್ಚಿ ನೋಡಿದ. ಅಗ್ಗದ್ದರ ಫ್ಯಾನು ಹಿಟ್ಟಿನ ಗಿರಣಿಯಂತೆ ಸದ್ದು ಮಾಡುತ್ತಿತ್ತು, ದುಬಾರಿಯದು ಗಪ್‌ಚಿಪ್ ಇತ್ತು. ಬೀರವ್ವ ತನಗೆ ಗಿರಣಿಯೇ ಸಾಕೆಂದಳು. ಅದರಲ್ಲಿ ಕತ್ತರಿಸುವ ಕೆಲಸ ಅಷ್ಟು ನಾಜೂಕಾಗಿ ಆಗುವುದಿಲ್ಲ ಎಂದು ಶಶಿಕಾಂತ ಹೇಳಿದ್ದನ್ನು ಅವಳು ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

ಸಂಗತಿ ಇಷ್ಟೇ. ಮದುವೆಗೆ ಮೊದಲು ಇಬ್ಬರೂ ಗೀಗೀ ಪದ ಹಾಡುತ್ತಿದ್ದವರು. ಗಂಡು ಹೆಚ್ಚು ಅನ್ನುವುದು ಇವನ ಮೇಳ, ಹೆಣ್ಣು ಹೆಚ್ಚು ಅನ್ನುವುದು ಗುತ್ತಲದ ಅವಳ ಮೇಳ. ಕಾಗಿನೆಲೆಯಲ್ಲಿ ಎದುರುಬದುರಾದಾಗ ಬೀರವ್ವ ಹಾಕಿದ ಒಂದು ಸವಾಲಿಗೆ ಕನಕಪ್ಪನ ಬಾಯಿ ಕಟ್ಟಿಹೋಯಿತು. ಆವತ್ತಿನ ಹಾಡಿಕೆಯನ್ನು ಮೈಕಿನಿಂದ ಹಿಡಿದಿದ್ದ ಕ್ಯಾಸೆಟ್ಟಿನೊಳಗೆ ಆ ಸೋಲು ಕೂತುಬಿಟ್ಟಿತು. ಈಗ ಇವರ ಮಗಳನ್ನು ತಂದುಕೊಳ್ಳುವ ಹಾವೇರಿಯ ಬೀಗರು, ಮದುವೆಯಲ್ಲಿ ನಿಮ್ಮ ಹಾಡಿಕೆಯನ್ನೇ ಹಾಕೋಣ, ಸಿ.ಡಿ. ಮಾಡಿಸಿಕೊಂಡು ಬನ್ನಿ ಎಂದಿದ್ದಾರೆ. ಬೀಗರ ಮುಂದೆ ಸೋಲುವುದೆಂದರೇನು? ಅದೂ ಹೆಂಡತಿಯ ಕೈಯಲ್ಲಿ, ತನ್ನದೇ ಮೈಕ್ ಸೆಟ್ಟಿನ ಹಾರ್ನಿನಲ್ಲಿ.

“ಹೆಣ್ಮಗಳು ಸೋತ್ರ ಅತ್ತಗಿತ್ತಾಳು ಅಂತ ನಾನ ಬೇಕಂತ ಸುಮ್ನಾಗಿದ್ದೆ,” ಎಂದು ಕನಕಪ್ಪ ಶಶಿಕಾಂತನಿಗೂ ಹೇಳಿದ. ಮದುವೆಯಾದಾಗಿನಿಂದ ಸಿಕ್ಕವರಿಗೆಲ್ಲ ಇದನ್ನೇ ಹೇಳುತ್ತ ಬಂದಿದ್ದ. ಬೀರವ್ವ ಒಂದು ದಿನವೂ ಅಲ್ಲವೆಂದಿರಲಿಲ್ಲ. ಆದರೆ ಆ ಕ್ಯಾಸೆಟ್ಟು ಬಿಟ್ಟರೆ ಅವಳ ದನಿ ಬೇರೆಲ್ಲೂ ಉಳಿದಿರಲಿಲ್ಲ. ಮದುವೆಯ ಮೇಲೆ ಅವಳು ಹಾಡಿದ್ದೇನಿದ್ದರೂ ತೊಟ್ಟಿಲ ಮುಂದೆ. ಅದಕ್ಕೇ ಕತ್ತರಿಸುವ ಮಾತು ಬಂದಾಗಲೆಲ್ಲ ಅವಳು ಗಂಡನ ಬೆನ್ನು ಬಿಡುತ್ತಿರಲಿಲ್ಲ.

ಶಶಿಕಾಂತ ಟೇಪ್ ರೆಕಾರ್ಡರಿನಿಂದ ದುಬಾರಿ ಕಂಪ್ಯೂಟರಿಗೆ ವೈರು ಜೋಡಿಸಿದ. ಹರೆಯದ ಬೀರವ್ವನ ದನಿ ಅಂಗಡಿಯಿಂದ ರಸ್ತೆಗೆ ಹಾರಿತು: “ಇರುಳಾದ್ರ ಗಂಡನ ಹಾಸಿಗಿಗೆ ಬರತಾಳ, ಹೆಂಡತಿ ಸಿಟ್ಟಾಗೂದಿಲ್ಲ. ಬಂದಾಕಿ ಮಾರಿ ಅವ ಒಮ್ಮೆನೂ ನೋಡಿಲ್ಲ. ಯಾರಾಕಿ, ಹೇಳೋ ಗಂಡಸ?” ಆಮೇಲೆ ಮಾತಿಲ್ಲ, ಮಂದಿಯ ಗುಜುಗುಜು ಅಷ್ಟೇ. ಅದರ ಹಿಂದೆ ಶಿಳ್ಳೆ, ನಗು, ಕೇಕೆ.

ಉತ್ತರ ಕನಕಪ್ಪನಿಗೆ ಮರುದಿನ ಹೊಲದ ಹಾದಿಯಲ್ಲಿ ಹೊಳೆದಿತ್ತು. ಈಗ ಅವನು ಅಂಗಿ ಸರಿಮಾಡಿಕೊಂಡು, ಶಶಿಕಾಂತ ಕೊಟ್ಟ ಸಣ್ಣ ಮೈಕಿನಲ್ಲಿ “ನಿದ್ದಿ” ಎಂದ. ಶಶಿಕಾಂತ ಶಿಳ್ಳೆ, ನಗುವನ್ನೆಲ್ಲ ತೆಗೆದು ಆ ಜಾಗದಲ್ಲಿ ಇದನ್ನು ಅಂಟಿಸಿ ಕೇಳಿಸಿದ. ಹರೆಯದ ಹುಡುಗಿ ಠೀವಿಯಿಂದ ಸವಾಲು ಹಾಕಿದಳು, ಯಾರೋ ಮುದುಕ ಕೆಮ್ಮಿ ಜವಾಬು ಕೊಟ್ಟ. ಬೀರವ್ವ ಸೆರಗು ಕಚ್ಚಿ ನಕ್ಕಳು. ಕನಕಪ್ಪನಿಗೂ ನಗು ಬಂತು, ಆದರೆ ತೋರಿಸಿಕೊಳ್ಳಲಿಲ್ಲ.

ಮುದುಕನನ್ನು ಇನ್ನಷ್ಟು ಹೊಂದಿಸಲು ಶಶಿಕಾಂತ ಪರದೆಯ ಮೇಲಿನ ಗೆರೆಗಳನ್ನು ದೊಡ್ಡದು ಮಾಡಿದ. “ಕಾಕಾ, ನೀವು ಸುಮ್ನಾದ ಜಾಗದಾಗ ಏನೋ ಐತ್ರಿ. ಏರಿಸಿ ನೋಡೂಣು.”

ಇಷ್ಟು ಹೊತ್ತು ನಗುತ್ತಿದ್ದ ಬೀರವ್ವ ಒಮ್ಮೆಲೇ ಚೀಲ ಕೈಗೆತ್ತಿಕೊಂಡಳು. ಬಸ್ಸು ತಪ್ಪುತ್ತದೆ ನಡೆಯಿರಿ, ಯಾವುದೋ ಒಂದು ಕಟ್ಟಿಸಿಕೊಳ್ಳಿ, ಬೇಕಾದ್ದು ಕತ್ತರಿಸಿಕೊಳ್ಳಿ ಎಂದು ಗಡಿಬಿಡಿ ಮಾಡಿದಳು. ಅಷ್ಟರಲ್ಲಿ ಶಶಿಕಾಂತ ಏರಿಸಿಬಿಟ್ಟಿದ್ದ. ಮೊದಲು ಕ್ಯಾಸೆಟ್ಟಿನ ಸುಯ್ಯೆನ್ನುವ ಸದ್ದು. ಆಮೇಲೆ, ಆವತ್ತಿನ ಗದ್ದಲದಲ್ಲಿ ಯಾರಿಗೂ ಕೇಳದೆ, ಅವಳ ಬಾಯಿಯ ಮುಂದಿದ್ದ ಮೈಕು ಮಾತ್ರ ಹಿಡಿದಿಟ್ಟಿದ್ದ ಪಿಸುದನಿ:

“ನಿದ್ದಿ ಅನ್ನು... ಲಗೂ ಅನ್ನು. ನಿದ್ದಿ.”

ಶಶಿಕಾಂತ ಮೌಸಿನಿಂದ ಕೈ ತೆಗೆದ. ಕನಕಪ್ಪ ಹೆಂಡತಿಯ ಮುಖ ನೋಡಿದ. ಅವಳು ರಸ್ತೆಯಲ್ಲಿ ಹೋಗುವ ಟಂಟಂ ಆಟೋ ನೋಡುತ್ತಿದ್ದಳು, ಕಿವಿಯ ತುದಿ ಕೆಂಪಾಗಿತ್ತು. ಬಿಟ್ಟುಕೊಟ್ಟೆ, ಬಿಟ್ಟುಕೊಟ್ಟೆ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ್ದವನು ತಾನು, ನಿಜಕ್ಕೂ ಬಿಟ್ಟುಕೊಡಲು ಹೊರಟಿದ್ದವಳು ಅವಳು. ಅವನು ತನ್ನ ಕೆಮ್ಮನ್ನು ಕತ್ತರಿಸಿ ಒಗೆದು ಅವಳ ಪಿಸುಮಾತನ್ನು ಹಾಗೇ ಇಡು ಎಂದು ಶಶಿಕಾಂತನಿಗೆ ಸನ್ನೆ ಮಾಡಿದ. ಬೀಗರು ಕೇಳಿದರೆ ಕೇಳಲಿ.

“ನನಗ ಕೇಳಿಸಲೇ ಇಲ್ಲಲ್ಲ ಬೀರವ್ವಾ,” ಎಂದ.

“ಆಗೇನು, ಈಗೇನು,” ಬೀರವ್ವ ಚೀಲವನ್ನು ದುಬಾರಿ ಪೆಟ್ಟಿಗೆಯ ಪಕ್ಕಕ್ಕಿಟ್ಟಳು. “ನಾ ಹೇಳಿದ್ದು ನಿಮಗ ಕೇಳಬೇಕಂದ್ರ ಕಂಪ್ಯೂಟರ್ ಬೇಕ ಬೇಕು. ಇದನ್ನ ಕಟ್ಟಸ್ರಿ.”