ಒಳಕೋಣೆಯ ಸಿಮೆಂಟು ಗೋಡೆ

ಹಸಿ ಸಿಮೆಂಟಿನ ವಾಸನೆ ಮೂಗಿಗೆ ಬಡಿದರೆ ಈಗಲೂ ನನ್ನ ಬೆರಳ ಗೆಣ್ಣು ತಾನಾಗಿ ಗೋಡೆಯ ಕಡೆ ಹೋಗುತ್ತದೆ.

ಮಹಾರಾಜರ ಕಾಲ. ಹುಣಸೂರಿನ ಪಕ್ಕದ ನಮ್ಮೂರಿನಲ್ಲಿ ಮನೆಗಳೆಲ್ಲ ಮಣ್ಣಿನವು. ಹೆಗ್ಗಣ ಬಿಲ ತೋಡುವುದೂ ಕಳ್ಳ ಕನ್ನ ಕೊರೆಯುವುದೂ ಅದೇ ಗೋಡೆಗೆ. ಅಂಥ ಊರಲ್ಲಿ ಅಪ್ಪ ರಾಗಿ ತುಂಬುವ ಒಳಕೋಣೆಯ ಗೋಡೆ ಕೆಡವಿ, ಇಟ್ಟಿಗೆಯಲ್ಲಿ ಕಟ್ಟಿಸಿ, ಮೈಸೂರಿನಿಂದ ತರಿಸಿದ ಸಿಮೆಂಟು ಬಳಿಸಿದ. ಆನೆಯ ಬಣ್ಣದ ಆ ಗೋಡೆ ಕೈಯಿಟ್ಟರೆ ಜಾರುವಷ್ಟು ನುಣ್ಣಗೆ, ಸುಡುವ ಮಧ್ಯಾಹ್ನದಲ್ಲೂ ತಣ್ಣಗಿತ್ತು.

ನೋಡಲು ಬಂದ ಪಕ್ಕದ ಮನೆಯ ಅಜ್ಜಿ ಗೋಡೆಯನ್ನು ಗೆಣ್ಣಿನಿಂದ ಕುಟ್ಟಿ ಕಿವಿಗೊಟ್ಟಳು.

"ಎಗ್ಗಣದ ಕಾಟ ಕಣಜ್ಜಿ," ಎಂದ ಅಪ್ಪ.

"ಎಗ್ಗಣಕ್ಕೆ ಯಾರ್ಲಾ ಇಂಥಾ ಗೋಡೆ ಕಟ್ಟುಸ್ತಾರೆ? ಒಳಗೇನೋ ಮಡಗಿದ್ದೀಯ ಬುಡು!"

ಅಜ್ಜಿ ನಗುತ್ತ ಹೋದಳು. ಅವ್ವ ಮಾತ್ರ ಉರಿದುಬಿದ್ದಳು. "ಊರೋರ ಕಣ್ಗಿಷ್ಟು ಮಣ್ಣಾಕ! ರಾಗಿ ಬುಟ್ರೆ ಇನ್ನೇನೈತೆ ನಮ್ತಾವ?"

ಅಪ್ಪ ಹೊಲಕ್ಕೆ ಹೋದ. ಗೋಡೆ ಬಿರುಕು ಬಿಡದಂತೆ ದಿನವೂ ನೀರು ಹೊಡೆಯಬೇಕೆಂದು ಗಾರೆಯವನು ಹೇಳಿದ್ದರಿಂದ ಅವ್ವ ಬಿಂದಿಗೆ ಹಿಡಿದು ಒಳಕೋಣೆಗೆ ಹೋದಳು. ನಾನೂ ಹಿಂದೆಯೇ ಹೋದೆ. ಅವಳು ಗೋಡೆಯನ್ನೆಲ್ಲ ತೋಯಿಸಿ, ಬಿಂದಿಗೆ ಕೆಳಗಿಟ್ಟು, ಬಾಗಿಲ ಕಡೆ ಬೆನ್ನು ಮಾಡಿ, ಮೆಲ್ಲಗೆ ಗೋಡೆ ಕುಟ್ಟಿದಳು. ಎರಡು ಹೆಜ್ಜೆ ಸರಿದು ಮತ್ತೆ ಕುಟ್ಟಿದಳು. ಕೆನ್ನೆ ಒದ್ದೆಯಾಗುವಂತೆ ಗೋಡೆಗೆ ಕಿವಿಯಿಟ್ಟಳು.

ತಿರುಗಿದಾಗ ಅವಳಿಗೆ ನಾನು ಕಂಡೆ.

"ಒಣಗೈತಾ ಅಂತ ನೋಡ್ತಿದ್ದೆ ಕಣವ್ವ," ಎಂದಳು.

ಗೋಡೆಯಿಂದ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು.