ಎರಡರಲ್ಲಿ ನಿಂತ ದನಿ

ಎಲ್ಲರ ದನಿಯೂ ಕಿವಿಯ ಹಿಂದಿನ ಚಿಪ್‌ನಲ್ಲಿದ್ದ ಕಾಲವದು. ಚಿಪ್ ಕೆಟ್ಟು ಮೂಕರಾಗಿ ಬಂದ ಶೇಷಗಿರಿರಾಯರನ್ನು ರಿಪೇರಿ ಅಂಗಡಿಯ ಕುಮುದಿನಿ ಕೂಡಲೇ ಗುರುತಿಸಿದಳು. ಅವಳ ಹಳೆಯ ಕಚೇರಿಯಲ್ಲಿ ಮ್ಯಾನೇಜರ್ ಆಗಿದ್ದಾಗ, ಹೆಂಗಸಿಗೆ ಇಷ್ಟು ಸಾಕೆಂದು ಅವಳ ದನಿಯನ್ನು ಹತ್ತರಿಂದ ಎರಡಕ್ಕಿಳಿಸಿ, ಹಾಕಿದವರೇ ತೆಗೆಯಬಲ್ಲ ಬೀಗ ಹಾಕಿದವರು ಇವರೇ.

ಚಿಪ್‌ಗೆ ದನಿ ತುಂಬುವ ಯುಎಸ್‌ಬಿ ಪ್ರೋಗ್ರಾಮರ್ ಯಂತ್ರದ ದೀಪ ಹತ್ತಿತಾದರೂ ಕಂಪ್ಯೂಟರ್‌ಗೆ ಅದು ಕಾಣಲಿಲ್ಲ. ಪೋರ್ಟ್ ಬದಲಿಸಿದರೂ ಅಷ್ಟೇ. ನೋಡಿದರೆ, ಅವಳು ಸಿಕ್ಕಿಸಿದ್ದು ಬರೀ ಚಾರ್ಜಿಂಗ್ ಕೇಬಲ್. ಮಾಹಿತಿ ಸಾಗಿಸುವ ತಂತಿಯೇ ಅದರಲ್ಲಿರಲಿಲ್ಲ.

ಜೊತೆಗೆ ಬಂದಿದ್ದ ರಾಯರ ಹೆಂಡತಿ ಚೀಲದಿಂದ ಬೇರೆ ಕೇಬಲ್ ತೆಗೆದು, ತುದಿಯನ್ನು ಸೆರಗಿನಲ್ಲಿ ಒರೆಸಿ ಕೊಟ್ಟರು. ಸಂಪರ್ಕ ಬಂತು.

"ಎಷ್ಟಕ್ಕಿಡ್ಲಿ, ಸಾರ್?" ಕುಮುದಿನಿ ಪಿಸುಗುಟ್ಟಿದಳು.

ರಾಯರು ಹತ್ತೂ ಬೆರಳು ಎತ್ತಿದರು. ಅವಳು ಎರಡನ್ನು ಒತ್ತಿ ತನ್ನ ಬೀಗ ಹಾಕಿದಳು.

"ಏನೇ ಇದು?" ರಾಯರ ಕೂಗು ಪಿಸುಮಾತಾಗಿ ಹೊರಬಂತು.

"ಗಂಡಸಿಗೂ ಅಷ್ಟು ಸಾಕು ಬಿಡಮ್ಮ," ಎಂದರು ಹೆಂಡತಿ. ಅವರ ದನಿಯೂ ಎರಡರಲ್ಲೇ ಇತ್ತು.