ನಿಂತ ಕಾರು ಕೇಳಿದ್ದು

“ಎಲ್ಲಿಗೆ?” ಎಂದು ಕಾರು ಕೇಳಿತು. ಚಾಲೂ ಆಗುವ ಮೊದಲು ಎಲ್ಲ ಕಾರುಗಳೂ ಕೇಳುವ ಮಾತೇ ಅದು.

“ಇಲ್ಲೇ, ಸಂತಿಗೆ,” ಎಂದಳು ನೀಲಗಂಗವ್ವ. ಕಾರು ಕೆಮ್ಮಲೂ ಇಲ್ಲ. ಅವಳ ಮೊಣಕಾಲಿನ ಆಪರೇಷನ್ ಆದಾಗಿನಿಂದ ಎಂಟು ತಿಂಗಳು ಅದು ಗದಗಿನ ಅವಳ ಮನೆಯ ಓಣಿಯಲ್ಲಿ ನಿಂತೇ ಇತ್ತು.

ಮೆಕ್ಯಾನಿಕ್ ದಸ್ತಗೀರ ಬ್ಯಾಟರಿ ಚಾರ್ಜ್ ಮಾಡಿದ್ದ, ಹಳೇ ಪೆಟ್ರೋಲು ತೆಗೆದು ಹೊಸದು ಹಾಕಿದ್ದ. ಈಗ ಬಾನೆಟ್ ಮುಚ್ಚಿ ಕೈ ಒರೆಸಿಕೊಂಡ.

“ಗಾಡ್ಯಾಗ ಏನೂ ದೋಷ ಇಲ್ರೀ ಅಕ್ಕಾರ. ದಿನಾ ಓಡೂ ಗಾಡಿ ಸಣ್ಣಪುಟ್ಟ ಸುಳ್ಳಿಗೆ ತಲಿ ಕೆಡಿಸ್ಕೊಳ್ಳೂದಿಲ್ಲ. ಭಾಳ ದಿನಾ ನಿಂತದ್ದು ಒಂದೂ ನಂಬೂದಿಲ್ಲ. ಖರೇ ಹೇಳ್ರಿ.”

ನೀಲಗಂಗವ್ವ ಓಣಿಯತ್ತ ನೋಡಿದಳು. ಎದುರುಮನೆಯ ಶಾಂತವ್ವ ಕಟ್ಟೆಯ ಮೇಲೆ ಮೆಂತೆಪಲ್ಲೆ ಸೋಸುತ್ತ ಕೂತಿದ್ದಳು. ಬಾಯಿಬಿಟ್ಟರೆ ಯಾರ ಕಣ್ಣು ಬೀಳುತ್ತದೋ ಎಂದು ನೀಲಗಂಗವ್ವ ಮೂರು ವರ್ಷ ಕದ್ದು ಓದಿದ್ದಳು. ಆದರೆ ಹನ್ನೊಂದಕ್ಕೆ ಸಭಾಂಗಣದಲ್ಲಿ ಅವಳ ಹೆಸರು ಕೂಗುತ್ತಾರೆ. ಸ್ಟೇರಿಂಗಿನ ಹತ್ತಿರ ಬಾಗಿ ಪಿಸುಗುಟ್ಟಿದಳು:

“ಧಾರವಾಡಕ್ಕ. ಅರವತ್ತೊಂದನೇ ವಯಸ್ಸಿಗೆ ಬಿ.ಎ. ಪಾಸಾಗೇನಿ. ಪದವಿ ತಗೊಳ್ಳಾಕ ಹೊಂಟೇನಿ.”

ಇಂಜಿನ್ ಒಂದೇ ಏಟಿಗೆ ಗುಡುಗಿತು. ಕಿಟಕಿಯ ಹತ್ತಿರ ಬಂದಿದ್ದ ದಸ್ತಗೀರನಿಗೂ ಆ ಪಿಸುಮಾತು ಕೇಳಿಸಿತ್ತು; ಬಾಯಿ ತೆರೆದು ನಿಂತುಬಿಟ್ಟ. ಆಮೇಲೆ ತಲೆಯ ಟೊಪ್ಪಿಗೆ ಸರಿಮಾಡಿಕೊಂಡು, ಮೇಷ್ಟರಿಗೆ ಮಾಡುವಂತೆ ಕೈ ಮುಗಿದ.

ಆ ಮುಖವನ್ನು ನೀಲಗಂಗವ್ವ ಕಣ್ಣುತುಂಬ ನೋಡಿದಳು. ನೋಡಿ, ಕೀಲಿ ತಿರುಗಿಸಿ ಇಂಜಿನ್ ಬಂದ್ ಮಾಡಿದಳು.

“ಅಯ್ಯ, ಯಾಕ್ರೀ ಅಕ್ಕಾರ?”

“ನಡುದಾರ್ಯಾಗ ಕೈಕೊಟ್ಟರ ಏನ್ ಮಾಡೂದು? ಇನ್ನೊಮ್ಮೆ ನೋಡೇಬಿಡೂಣು,” ಎಂದವಳು ಶಾಂತವ್ವನ ಕಡೆಯ ಗಾಜನ್ನು ಪೂರ್ತಿ ಇಳಿಸಿದಳು.

“ಎಲ್ಲಿಗೆ?” ಎಂದು ಕಾರು ಮತ್ತೆ ಕೇಳಿತು.

ಈ ಸಲದ ಉತ್ತರ ಓಣಿಯ ಕೊನೆಯ ಮನೆಗೂ ಕೇಳಿಸಿತು.